ತಟ್ಟೆಯ ಅರಳಿಗೆ ಹಾರ ಹಾಕಿದ ವರ್ಷ

ಅರಳಿ ಎಲೆಯನ್ನು ತೊಟ್ಟಿನ ಬುಡಕ್ಕೆ ಕತ್ತರಿಸಿದರೆ ಹಾಲು ಜಿನುಗುತ್ತದೆ. ಬೆರಳಿಗೆ ಹತ್ತಿತೆಂದರೆ ಸೋಪು ಹಾಕಿ ತಿಕ್ಕಿದರೂ ಸಂಜೆಯವರೆಗೆ ಅಂಟಂಟು. ಅದಕ್ಕೊಂದು ಹಸಿ ವಾಸನೆ, ಆಗಷ್ಟೇ ಕಿತ್ತ ಕಡಲೆಕಾಯಿಯದಕ್ಕೆ ಹತ್ತಿರದ್ದು. ಬೇಸಿಗೆಯಲ್ಲಿ ಒಂದು ಭಾನುವಾರ ಮಹಡಿಯ ಮೇಲೆ ಕೂತು ನನ್ನ ಬೋನ್ಸಾಯ್ ಅರಳಿಯ ಎಲೆಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ ಬೋಳು ಮಾಡುವುದು ನನ್ನ ಪದ್ಧತಿ. ಹಾಗೆ ಮಾಡಿದರೆ ಮುಂದೆ ಬರುವ ಎಲೆ ಸಣ್ಣದಾಗಿ ಬರುತ್ತದೆ. ಈ ಸಲವೂ ಕೂತೆ. ನಾಲ್ಕು ಎಲೆ ಕತ್ತರಿಸುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿದು ಕತ್ತರಿ ಕೆಳಗಿಟ್ಟೆ. ನಾಚಿಕೆಯಾದರೆ ಮುಖ ಕೆಂಪಾಗುತ್ತದೆ ಎನ್ನುತ್ತಾರೆ. ನನಗೆ ಕಿವಿ ಸುಡುತ್ತದೆ. ಐವತ್ತು ದಾಟಿದ ಗಂಡಸು ಒಬ್ಬನೇ ಕೂತು ಎರಡೂ ಕಿವಿ ಹಿಡಿದುಕೊಂಡಿದ್ದನ್ನು ನೋಡಿ, ಒಗೆದ ಬಟ್ಟೆ ಹರವಲು ಬಂದ ನನ್ನ ಹೆಂಡತಿ ಸರೋಜ, "ಏನು, ಇರುವೆ ಕಚ್ತಾ?" ಎಂದಳು. ಹೌದು ಎಂದೆ.

ಇರುವೆಯಲ್ಲ. ಮೂರು ವರ್ಷದ ಹಿಂದಿನ ಚೈತ್ರ ಮಾಸ, ಇದೇ ಮಹಡಿ, ಇದೇ ಹಾಲು.

ನಮ್ಮದು ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಿಂದ ಒಳಗಿರುವ ಹಳ್ಳಿ. ಸ್ವಲ್ಪ ಜಮೀನು, ಮೂರು ಸೀಮೆಹಸು, ಡೈರಿಗೆ ಹಾಲು. ಬೆಳಗ್ಗೆ ಹಾಲು ಕರೆದು ಹಾಕಿ, ಬಂಗಾರಪೇಟೆಗೆ ಗಾಡಿಯಲ್ಲಿ ಹೋಗಿ, ಅಲ್ಲಿಂದ ರೈಲು ಹತ್ತಿ ಬೆಂಗಳೂರಿನ ಅಂಚಿನ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ. ಸಂಜೆ ಅದೇ ರೈಲು, ಅದೇ ಮುಖಗಳು. ಇಂಥ ಬದುಕಿನಲ್ಲಿ ಬೋನ್ಸಾಯ್ ಎಲ್ಲಿಂದ ಬಂತು ಎಂದರೆ, ದನದ ಕೊಟ್ಟಿಗೆಯಿಂದ ಬಂತು ಎನ್ನಬೇಕು. ಕೊಟ್ಟಿಗೆಗೆ ಹಳೇ ತಗಡು ಬೇಕಾಗಿತ್ತು. ಕೆಜಿಎಫ್‌ನ ಊರಿಗಾಂನಲ್ಲಿ ಯಾರೋ ಮಾರುತ್ತಿದ್ದಾರೆ ಎಂದು ಹೋದೆ. ತಗಡು ಸಿಗಲಿಲ್ಲ. ಚಿನ್ನದ ಗಣಿಯವರ ಕಾಲದ, ಬಿದ್ದುಹೋದ ಕಂಪನಿ ಮನೆಯೊಂದರ ಗೋಡೆಯಲ್ಲಿ, ನನ್ನ ಎದೆಯ ಎತ್ತರಕ್ಕೆ, ಬಿರುಕಿನಿಂದ ಒಂದು ಅರಳಿ ಸಸಿ ಆಚೆ ಬಂದು ನಿಂತಿತ್ತು. ಕಲ್ಲು ಅಲುಗಾಡಿಸಿ ಎಳೆದರೆ ಬೇರು ಗೋಡೆಯೊಳಗೆ ಅಮುಕಿ ಅಮುಕಿ ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಅಂಥ ಬೇರನ್ನು ನಾನು ಎಲ್ಲೂ ನೋಡಿರಲಿಲ್ಲ. ತಗಡು ತರಲು ಒಯ್ದ ಗೋಣಿಚೀಲದಲ್ಲಿ ಸಸಿ ಸುತ್ತಿಕೊಂಡು ಬಂದೆ.

"ಅರಳಿ ಮನೇಲಿ ಬೆಳೆಸ್ಬಾರ್ದು," ಎಂದಳು ಸರೋಜ.

"ಮನೇಲಲ್ಲ, ಮಹಡಿ ಮೇಲೆ."

"ಮಹಡಿ ಯಾರದು, ಪಕ್ಕದ ಮನೆಯೋರದಾ?"

ನಾನು ಗೋಣಿಚೀಲ ಹೊತ್ತು ಮಹಡಿ ಹತ್ತಿದೆ.

ಬೋನ್ಸಾಯ್ ಕಲಿಯುವುದು ಕಷ್ಟವಲ್ಲ. ಫೋನಿನಲ್ಲಿ ನೋಡಿ ಯಾರು ಬೇಕಾದರೂ ಕಲಿಯಬಹುದು. ಬೇರು ಕತ್ತರಿಸು, ತಂತಿ ಸುತ್ತು, ಬಾಗಿಸು, ಇಷ್ಟೇ. ಬೇಜಾರಾಗದೆ ಉಳಿಯುವುದು ಕಷ್ಟ. ಮೊದಲ ಎರಡು ವರ್ಷ ಉತ್ಸಾಹವೋ ಉತ್ಸಾಹ. ಹುಣಸೆ ಸಸಿ, ಸೀತಾಫಲ, ಬೇಲಿ ಸಾಲಿನ ಬಿಕ್ಕೆ ಗಿಡ, ಸಿಕ್ಕಿದ್ದನ್ನೆಲ್ಲ ತಟ್ಟೆಗೆ ಹಾಕಿದೆ. ಅರ್ಧ ನೀರು ಜಾಸ್ತಿಯಾಗಿ ಸತ್ತವು, ಉಳಿದರ್ಧ ನಾನು ರೈಲಿನಲ್ಲಿ ನಿದ್ದೆ ಹೊಡೆಯುವಾಗ ಬಿಸಿಲಿಗೆ ಸತ್ತವು. ಅರಳಿಯೊಂದು ಮಾತ್ರ ಸಾಯಲಿಲ್ಲ. ಗೋಡೆಯಲ್ಲಿ ಬದುಕಿದ್ದಕ್ಕೆ ನಾನೊಂದು ಲೆಕ್ಕವೇ? ಆದರೆ ನಾಲ್ಕನೇ ಯುಗಾದಿಯ ಹೊತ್ತಿಗೆ ನನಗೇ ಸಾಕಾಯಿತು. ಹೋದ ಯುಗಾದಿಗೆ ಹೇಗಿತ್ತೋ ಈ ಯುಗಾದಿಗೂ ಹಾಗೇ ಇದೆ. ಹಸು ಕಟ್ಟಿದರೆ ಹಾಲು, ರಾಗಿ ಹಾಕಿದರೆ ತೆನೆ. ಇದಕ್ಕೆ ಏನು ಹಾಕಿದರೂ ಏನೂ ಇಲ್ಲ. ಬೆಳೆಯಬಾರದು ಎಂದು ಬೆಳೆಸುವ ಬೇಸಾಯ ಇದೊಂದೇ ಇರಬೇಕು. ಕೆರೆ ಕಟ್ಟೆಯ ಮೇಲೆ ನೆಟ್ಟು ಕೈ ತೊಳೆದುಕೊಂಡುಬಿಡೋಣ ಎಂದು ಹಾರೆ ಎತ್ತಿಕೊಂಡೂ ಆಗಿತ್ತು. ಅವತ್ತು ಹಸುವಿಗೆ ಕೆಚ್ಚಲು ಬಾವು ಬಂದು ಡಾಕ್ಟರ ಹಿಂದೆ ಓಡಾಡುವುದರಲ್ಲಿ ಅದು ಮರೆತುಹೋಯಿತು. ಹಾಗೆ ಉಳಿಯಿತು ನನ್ನ ಹವ್ಯಾಸ.

ಆಮೇಲೆ ನನಗೆ ನಾನೇ ಒಂದು ದಾರಿ ಮಾಡಿಕೊಂಡೆ. ಮರವನ್ನು ದಿನಾ ನೋಡಬಾರದು. ನೀರು ಹಾಕು, ಹಿಂದಿರುಗಿ ನೋಡದೆ ಇಳಿದು ಬಾ. ಒಂದು ಕಾಲಕ್ಕೆ ಒಂದೇ ಕೆಲಸ. ಮಾಘದಲ್ಲಿ ಎಲೆ ಉದುರುವಾಗ ರೆಂಬೆಗಳ ಅಂದ ನೋಡಿ ತಂತಿ ಸುತ್ತುವುದು, ಬೇಸಿಗೆಗೆ ಎಲೆ ಬೋಳಿಸುವುದು, ಮೊದಲ ಮಳೆಗೆ ಬೇರು ಸವರಿ ಇಟ್ಟಿಗೆ ಪುಡಿ ಬೆರೆಸಿದ ಹೊಸ ಮಣ್ಣು ಕೊಡುವುದು. ಮಿಕ್ಕ ದಿನ ಬರೇ ನೀರು. ಇಡೀ ಮರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಭಯವಾಗುತ್ತದೆ, ಒಂದು ಕೊಂಬೆಯನ್ನು ಇಟ್ಟುಕೊಂಡರೆ ಆಗುವುದಿಲ್ಲ. ನಾನು ಮನಸ್ಸಿಟ್ಟಿದ್ದು ಎಡಗಡೆಯ ಮೊದಲ ಕೊಂಬೆಯ ಮೇಲೆ. ಅದು ಕಡ್ಡಿಯಂತೆ ಮೇಲೆ ನೆಟ್ಟಗೆ ಹೊರಟಿತ್ತು. ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಸಿ, ತಂತಿ ಬಿಚ್ಚಿ, ಮತ್ತೆ ಸುತ್ತಿ, ಕಡೆಗೆ ತಟ್ಟೆಯ ಅಂಚಿನಾಚೆಗೆ ಕೈ ಚಾಚಿದ ಹಾಗೆ ತಂದು ನಿಲ್ಲಿಸಿದ್ದೆ.

ರೈಲಿನ ಗೆಳೆಯರಿಗೆ ಇದು ನಗುವ ಸರಕು. "ಏನ್ ನಾಣಿ, ಎಷ್ಟ್ ಎತ್ರ ಆಯ್ತು ನಿನ್ ಮರ?" ಎಂದರೆ, "ಓದ್ ತಿಂಗಳಿಗಿಂತ ಒಂದಿಂಚು ಕಮ್ಮಿ ಆಗೈತೆ," ಎನ್ನುತ್ತಿದ್ದೆ. ಬೋಗಿಯೆಲ್ಲ ನಗುತ್ತಿತ್ತು. ಆದರೆ ಒಂದು ಸಲ ಫಲಪುಷ್ಪ ಪ್ರದರ್ಶನವೊಂದರಲ್ಲಿ ಮರ ಇಟ್ಟಾಗ ಯಾರೋ ದೊಡ್ಡವರು ಬಂದು ಬೆನ್ನು ತಟ್ಟಿ, ಇಂಥ ತಾಳ್ಮೆ ಈ ಕಾಲದಲ್ಲಿ ಯಾರಿಗಿದೆ ಎಂದರು. ಆ ಮಾತು ನನ್ನ ತಲೆಗೇರಿತು. ಅಲ್ಲಿಂದ ನಾನು ಸಿಕ್ಕವರಿಗೆಲ್ಲ ತಾಳ್ಮೆಯ ಪಾಠ ಹೇಳುವವನಾದೆ. ಪಕ್ಕದ ಮನೆಯವರ ಜಗಳಕ್ಕೆ ಹೋಗಿ ಬೋನ್ಸಾಯ್ ಉದಾಹರಣೆ ಕೊಟ್ಟು ಬೈಸಿಕೊಂಡು ಬಂದಿದ್ದೂ ಉಂಟು.

ನನ್ನ ಅಕ್ಕ ಜಯಮ್ಮನ ಮನೆ ಆಂಡರ್ಸನ್‌ಪೇಟೆಯಲ್ಲಿ. ಭಾವನದು ಬೂಸಾ, ಹಿಂಡಿ ಅಂಗಡಿ. ಒಬ್ಬಳೇ ಮಗಳು ಭಾರತಿ. ಬಂಗಾರಪೇಟೆಯಲ್ಲಿ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮಾತು ಕಮ್ಮಿ, ನಗು ಜಾಸ್ತಿ. ಆ ವರ್ಷ ಮಾಘದಲ್ಲಿ ಅವಳಿಗೆ ಕುಪ್ಪಂ ಕಡೆಯಿಂದ ಒಂದು ಸಂಬಂಧ ಬಂತು. ಮನೆಯಲ್ಲಿ ತೆಲುಗು ಮಾತಾಡುವವರು, ಹುಡುಗ ಒಳ್ಳೇ ಕೆಲಸದಲ್ಲಿದ್ದ. ನೋಡಿ ಹೋದ ಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಭಾರತಿಗೆ ಮನಸ್ಸಾಗಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಫೋನು ಬಂದರೆ ಅವಳು ಮಹಡಿಗೆ ಓಡುವುದು ನೋಡಿದರೆ ಸಾಕಿತ್ತು.

ಜಾತಕ ನೋಡುವಾಗ ಕುಜದೋಷ ಸಿಕ್ಕಿತು. ಹುಡುಗನ ದೊಡ್ಡಪ್ಪ ಆ ಮನೆಗೆ ಯಜಮಾನರು. ಅವರು ಸಂಬಂಧ ಬೇಡ ಎನ್ನಲಿಲ್ಲ, ಪರಿಹಾರ ಮಾಡಿಸಿ ಎಂದರು. ಹುಡುಗಿಗೆ ಮೊದಲು ಅರಳಿ ಮರದ ಜೊತೆ ಮದುವೆ ಶಾಸ್ತ್ರ ಮಾಡಿಸಿಬಿಡುವುದು. ದೋಷವೆಲ್ಲ ಮರಕ್ಕೆ ಹೋಗುತ್ತದೆ, ಆಮೇಲೆ ಹುಡುಗನಿಗೆ ಕೊಡುವುದು. ನಮ್ಮ ಕಡೆ ಇದು ಹೊಸದಲ್ಲ.

ಅಕ್ಕ ನನ್ನನ್ನು ಕರೆಸಿ ಕೂರಿಸಿದಳು. "ಊರ್ ಮುಂದೆ ಅರಳೀಕಟ್ಟೆ ಐತೆ, ಇಲ್ಲ ಅನ್ನಲ್ಲ. ಅಲ್ಲಿ ಮಾಡಿದ್ರೆ ಉಡ್ಗಿಗೆ ದೋಷ ಐತೆ ಅಂತ ಡಂಗುರ ಒಡ್ಸಿದಂಗೆ ಆಗ್ತದೆ. ನಾಳೆ ಇದು ಮುರ್ದೋದ್ರೆ ಇನ್ನೊಬ್ರು ಬತ್ತಾರಾ? ನಿನ್ ಮಹಡಿ ಮೇಲೆ ಐತಲ್ಲ ಅರಳಿ, ತಟ್ಟೇಲಿ. ಅಲ್ಲೇ ಮಾಡ್ಬುಡಾನ. ಐನೋರ್ನ ಕೇಳ್ದೆ, ಚಿಕ್ಕದಾದ್ರೂ ಅರಳಿ ಅರಳೀನೇ ಅಂದ್ರು."

ಸೋದರಮಾವ ನಾನು. ಮದುವೆಯ ದಿನ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು. ಆ ಹೊತ್ತಿನಲ್ಲಿ ನನ್ನ ಬಾಯಿಂದ ಮೊದಲು ಬಂದ ಮಾತು ಇದು: "ಗಿಡಕ್ಕೇನೂ ಮಾಡಲ್ಲ ತಾನೇ?"

ಒಳಗೆ ಅಡುಗೆಮನೆಯಲ್ಲಿ ಲೋಟ ತೊಳೆಯುವ ಸದ್ದು ನಿಂತಿತು. ಭಾರತಿ ಅಲ್ಲಿದ್ದಳು. ಆಮೇಲೆ ಮತ್ತೆ ಶುರುವಾಯಿತು.

ನಾನು ಅಷ್ಟಕ್ಕೇ ಬಿಟ್ಟೆನಾ? ಇಲ್ಲ. ಷರತ್ತು ಹಾಕಿದೆ. ಅರಿಸಿನದ ನೀರು ಸುರಿಯಬಾರದು, ಬೇರಿಗೆ ಕೆಡುಕು. ಬುಡದ ಪಾಚಿ ಕೀಳಬಾರದು. ಕರ್ಪೂರ ದೂರ ಹಚ್ಚಬೇಕು. ದಾರ ಸುತ್ತುವುದಾದರೆ ಕಾಂಡಕ್ಕೆ ಸಡಿಲವಾಗಿ, ಕೊಂಬೆಗೆ ಬೇಡ. ಹಾರ ಸಣ್ಣದಿರಲಿ, ಒಂದೆಳೆ ಮಲ್ಲಿಗೆ ಸಾಕು. ಪ್ರದಕ್ಷಿಣೆ ಮಾಡುವಾಗ ಸೀರೆ ಸೆರಗು ತಟ್ಟೆಗೆ ತಾಗದ ಹಾಗೆ ನೋಡಿಕೊಳ್ಳಬೇಕು. ನಾನು ಬೆರಳು ಮಡಚುತ್ತ ಹೇಳುತ್ತಿದ್ದರೆ ಅಕ್ಕ ಕೇಳುವಷ್ಟು ಕೇಳಿ, "ಏನ್ಲಾ, ನೀನು ಸೋದರಮಾವನಾ, ಇಲ್ಲ ಗಂಡಿನ್ ಕಡೆಯೋನಾ?" ಎಂದಳು.

ಭಾವ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಭಾರತಿ ಕಾಫಿ ತಂದಿಟ್ಟು ಹೋದಳು. ಆ ಮಾತು ಎಷ್ಟು ನಿಜ ಎಂದು ಆಗ ನನಗೆ ಹೊಳೆಯಲಿಲ್ಲವಲ್ಲ.

ಯುಗಾದಿ ಕಳೆದ ವಾರ ಶಾಸ್ತ್ರಕ್ಕೆ ದಿನ ಇಟ್ಟರು. ಅರಳಿಗೆ ಅದು ಚಿಗುರಿನ ಕಾಲ. ಹಳೆ ಎಲೆ ಉದುರಿ ಹೊಸ ಎಲೆ ತಾಮ್ರದ ಬಣ್ಣದಲ್ಲಿ, ಬೆರಳುಗುರಿನಷ್ಟಗಲ, ಗಾಳಿಯಿಲ್ಲದಿದ್ದರೂ ಅಲುಗುತ್ತಿದ್ದವು. ಅಷ್ಟು ಚೆಂದ ನನ್ನ ಮರ ಅದಕ್ಕೆ ಮುಂಚೆ ಯಾವತ್ತೂ ಕಂಡಿರಲಿಲ್ಲ. ಹಿಂದಿನ ದಿನ ರಜೆ ಹಾಕಿ ತಟ್ಟೆ ತೊಳೆದೆ. ಹಲ್ಲುಜ್ಜುವ ಹಳೇ ಬ್ರಶ್ಶಿನಲ್ಲಿ ಬೇರುಗಳನ್ನು ಉಜ್ಜಿದೆ. ಪಾಚಿಗೆ ನೀರು ಸಿಂಪಡಿಸಿದೆ. "ಮದುಮಗನಿಗೆ ಎಣ್ಣೆ ನೀರು ಮುಗೀತಾ?" ಎಂದು ಸರೋಜ ಕೆಳಗಿನಿಂದ ಕೂಗಿದಳು.

ಬೆಳಗ್ಗೆ ಅಕ್ಕ, ಭಾವ, ಭಾರತಿ ಬಂದರು. ಹುಡುಗನ ಕಡೆಯಿಂದ ದೊಡ್ಡಪ್ಪ ಒಬ್ಬರೇ ಸಾಕ್ಷಿಗೆ ಬಂದಿದ್ದರು, ಬಿಳೀ ಪಂಚೆ, ಕೈಯಲ್ಲಿ ಕೋಲು. ಐನೋರು ಕಳಸ ಇಟ್ಟರು. ಮರವನ್ನು ಮಣೆಯ ಮೇಲೆ ಇಟ್ಟರೆ ದೊಡ್ಡಪ್ಪನಿಗೆ ಸಮಾಧಾನವಿಲ್ಲ. ಗಂಡು ಹೆಣ್ಣಿಗಿಂತ ಕುಳ್ಳಗಿದ್ದರೆ ಹೇಗೆ? ಸರಿ, ನೀರಿನ ಡ್ರಮ್ಮು ಬೋರಲು ಹಾಕಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಮಣೆ, ಮಣೆಯ ಮೇಲೆ ತಟ್ಟೆ. ಈಗ ಮರದ ತುದಿ ಭಾರತಿಯ ತಲೆಗಿಂತ ಒಂದು ಗೇಣು ಮೇಲೆ ಬಂತು. ಹಲಗೆ ಅಲುಗುತ್ತಿತ್ತು. ನಾನು ಡ್ರಮ್ಮಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಎರಡೂ ಕೈಯಲ್ಲಿ ತಟ್ಟೆ ಹಿಡಿದುಕೊಂಡೆ. ಆ ಹೊತ್ತು ನನ್ನನ್ನು ಯಾರಾದರೂ ನೋಡಿದ್ದರೆ ನಾನೇ ಗಂಡಿನ ತಂದೆ ಎಂದುಕೊಳ್ಳಬೇಕು.

ಸಂಕಲ್ಪ ಆಯಿತು. ದಾರ ಸುತ್ತಿದ್ದಾಯಿತು, ಸಡಿಲವಾಗಿಯೇ. ಪ್ರದಕ್ಷಿಣೆ ಆಯಿತು. ನಾನು ಪ್ರತಿ ಸುತ್ತಿಗೂ "ಹುಷಾರು, ಹುಷಾರು" ಎನ್ನುತ್ತಿದ್ದೆ. ದೊಡ್ಡಪ್ಪ ಮೆಚ್ಚಿ ತಲೆಯಾಡಿಸಿದರು, ಸೋದರಮಾವನಿಗೆ ಹುಡುಗಿ ಮೇಲೆ ಎಷ್ಟು ಅಕ್ಕರೆ ಎಂದು. ಆಮೇಲೆ ಹಾರ. ಅಕ್ಕ ಬಂಗಾರಪೇಟೆ ಸಂತೆಯಿಂದ ಮನುಷ್ಯರ ಕೊರಳಿಗೆ ಹಾಕುವ ಹಾರವನ್ನೇ ತಂದಿದ್ದಳು, ಚೆಂಡು ಹೂವು, ಸುಗಂಧರಾಜ, ತೋಳಿನ ಗಾತ್ರದ್ದು. ಒಂದೆಳೆ ಮಲ್ಲಿಗೆ ಎಂದಿದ್ದೆನಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಭಾರತಿಯ ಎರಡು ಕೈ ಮೇಲೆದ್ದವು. ಹಾರ ತುದಿಯಿಂದ ಇಳಿದು ಎಡಗಡೆಯ ಮೊದಲ ಕೊಂಬೆಯ ಮೇಲೆ ಕೂತಿತು. ಚಟ್ ಎಂದಿತು.

"ಏಯ್! ಕಣ್ ಕಾಣಲ್ವೇನೇ ನಿನಗೆ? ಎಷ್ಟ್ ಸಲ ಬಡ್ಕೊಂಡೆ! ಮುರ್ದೇ ಹಾಕ್ಬಿಟ್ಯಲ್ಲೇ ಪಾಪಿ!"

ಇದು ನಾನು. ಪೂಜೆಯ ನಡುವೆ, ಗಂಡಿನ ಕಡೆಯವರ ಮುಂದೆ, ನಮ್ಮ ಮನೆಯ ಹೆಣ್ಣುಮಗಳಿಗೆ, ತಾಳ್ಮೆಯ ಪಾಠ ಹೇಳುತ್ತಿದ್ದ ನಾನು.

ಐನೋರು ಅನುಭವಸ್ಥರು. "ಏನೂ ಆಗಿಲ್ಲ, ಏನೂ ಆಗಿಲ್ಲ, ಮುಂದುವರಿಸೋಣ," ಎಂದು ಮಂತ್ರದ ದನಿ ಏರಿಸಿದರು. ಹಾರದ ಕೆಳಗೆ ಏನಾಗಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ನಾನು ಸುಮ್ಮನೆ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಎದ್ದು ಹಾರ ಎತ್ತಿದೆ. ಕೊಂಬೆ ಸಂದಿನಲ್ಲಿ ಸೀಳಿ ತೊಗಟೆಯ ಎಳೆಯಲ್ಲಿ ನೇತಾಡುತ್ತಿತ್ತು. ಸೀಳಿದ ಜಾಗದಿಂದ ಹಾಲು ಸುರಿದು ಪಾಚಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು, "ಸರೋಜಾ, ದಾರ ತಾ, ಬೇಗ ತಾ," ಎಂದು ಕೂಗಿದೆ.

ದೊಡ್ಡಪ್ಪ ಕೋಲೂರಿ ಎದ್ದು ಬಂದು ಬಗ್ಗಿ ನೋಡಿದರು. "ಏಮಯ್ಯಾ, ಕೊಮ್ಮ ಇರಿಗಿಂದಾ?" ಎಂದರು. ಕೊಂಬೆ ಮುರಿಯಿತೇ ಎಂದು.

"ಮುರ್ದೇ ಓಯ್ತು ಸ್ವಾಮಿ. ಎಷ್ಟೊಂದು ವರ್ಷದ ಕೊಂಬೆ," ಎಂದೆ. ನಾನೇ ಎಂದೆ. ಅಳು ಬರುವ ದನಿಯಲ್ಲಿ.

ಅವರು ಹಾಲನ್ನು ನೋಡಿದರು, ನನ್ನನ್ನು ನೋಡಿದರು, ಹೋಗಿ ಕೂತರು. ಮುಂದೆ ಶಾಸ್ತ್ರವೆಲ್ಲ ಸರಸರ ಮುಗಿಯಿತು. ಸರೋಜ ಮಾಡಿದ ಒಬ್ಬಟ್ಟು ಅವರ ಎಲೆಯಲ್ಲಿ ಹಾಗೇ ಉಳಿಯಿತು. ಭಾವ ಅವರನ್ನು ಬಸ್ಸಿಗೆ ಬಿಟ್ಟು ಬಂದರು. ನಾನು ಆ ಮಧ್ಯಾಹ್ನವೆಲ್ಲ ಮಹಡಿಯಲ್ಲಿ ಕೂತು, ಸೀಳಿಗೆ ಬಾಳೆನಾರು ಸುತ್ತಿ, ಕೊಂಬೆಗೆ ಕಡ್ಡಿಯ ಆಸರೆ ಕೊಟ್ಟು, ಗಾಳಿಗೆ ಅಲುಗದ ಹಾಗೆ ಕಟ್ಟಿದೆ. ಅಕ್ಕನ ಮನೆಯವರು ಯಾವಾಗ ಹೊರಟರು ಎಂದು ಗೊತ್ತಾಗಿದ್ದು ಸಂಜೆ ಕೆಳಗಿಳಿದಾಗ.

ಕೆಲವು ದಿನದಲ್ಲೇ ಕುಪ್ಪಂನಿಂದ ಫೋನು ಬಂತು. ಶಾಸ್ತ್ರದ ಹೊತ್ತಿಗೇ ಗಂಡಿನ ತೋಳು ಮುರಿದು ಹಾಲು ಕಾರಿದೆ, ಇದಕ್ಕಿಂತ ಅಪಶಕುನ ಬೇಕೇ, ನಾವು ಮುಂದುವರಿಯುವುದಿಲ್ಲ ಎಂದರು. ಹುಡುಗ ಭಾರತಿಗೆ, ದೊಡ್ಡವರು ಒಪ್ಪುತ್ತಿಲ್ಲ, ಕ್ಷಮಿಸು ಎಂದು ಒಂದು ಮೆಸೇಜು ಹಾಕಿ ಸುಮ್ಮನಾದ.

ನಾನು ಆಂಡರ್ಸನ್‌ಪೇಟೆಗೆ ಹೋದೆ. ಹುಡುಗನಿಗೆ ಬೆನ್ನುಮೂಳೆ ಇಲ್ಲ, ಈ ಕಾಲದಲ್ಲೂ ಶಕುನ ನೋಡುತ್ತಾರಲ್ಲ, ಎಂದೆಲ್ಲ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಕ್ಕ ಬಾಗಿಲಲ್ಲೇ ನಿಂತಳು. ಕೂರು ಎನ್ನಲಿಲ್ಲ.

"ಕೊಂಬೆ ಮುರ್ದಿದ್ದು ಯಾರ್ಗೂ ಕಂಡಿರ್ಲಿಲ್ಲ ಕಣ್ಲಾ," ಎಂದಳು. "ನಿನ್ ಬಾಯಿ ಕಾಣ್ತು."

ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಹಾಗೇ ಹಿಂದಿರುಗಿದೆ.

ಆ ಬೇಸಿಗೆ ಹೇಗೆ ಕಳೆಯಿತೋ. ಭಾರತಿಯ ಲ್ಯಾಬು ಇರುವುದು ಬಂಗಾರಪೇಟೆ ಸ್ಟೇಷನ್ನಿನ ದಾರಿಯಲ್ಲೇ. ದಿನಾ ಅದರ ಮುಂದೆ ಹಾದು ಬರುತ್ತಿದ್ದವನು ಆಮೇಲೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಕೊಳೆತ ಟೊಮೆಟೊ ತುಳಿದುಕೊಂಡು, ಸುತ್ತಿ ಬರತೊಡಗಿದೆ. ರೈಲಿನಲ್ಲಿ ಮರದ ಮಾತು ತೆಗೆದರೆ ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ಕೂರುತ್ತಿದ್ದೆ. ನಾಚಿಕೆ ಒಂದು ದಿನದ್ದಾದರೆ ತಡೆದುಕೊಳ್ಳಬಹುದು. ಇದು ದಿನಾ ಬೆಳಗ್ಗೆ ಹಾಲು ಕರೆಯುವಾಗ ಹಸುವಿನ ಪಕ್ಕೆಗೆ ಹಣೆ ಒತ್ತಿದೊಡನೆ ಬರುತ್ತಿತ್ತು. ನನ್ನ ದನಿಯೇ ನನಗೆ ಕೇಳುತ್ತಿತ್ತು, ಕಣ್ ಕಾಣಲ್ವೇನೇ ನಿನಗೆ.

ಮಹಡಿ ಹತ್ತುವುದನ್ನೇ ಬಿಟ್ಟೆ. ಎಲೆ ಬೋಳಿಸುವ ಕಾಲ ಬಂದು ಹೋಯಿತು. ಸರೋಜ ಬಟ್ಟೆ ಹರವಲು ಹೋದಾಗ ಒಂದು ಚೊಂಬು ನೀರು ಹಾಕಿ ಬರುತ್ತಿದ್ದಳೋ ಏನೋ, ನಾನು ಕೇಳಲಿಲ್ಲ. ಆಷಾಢದ ಗಾಳಿ ಶುರುವಾಯಿತು. ಕೆಜಿಎಫ್ ಗಣಿಯ ಸೈನೈಡ್ ದಿಬ್ಬಗಳ ಬಿಳೀ ಧೂಳು ನಮ್ಮೂರಿನವರೆಗೂ ಬಂದು ಹೊಸಿಲ ಮೇಲೆ ಕೂರುವ ಗಾಳಿ. ಒಂದು ದಿನ ಹಾರಿಹೋದ ಟವೆಲ್ಲು ಹುಡುಕಿಕೊಂಡು ಮಹಡಿಗೆ ಹೋದೆ. ಮರ ಮಂಕಾಗಿ, ಎಲೆಯ ಮೇಲೆಲ್ಲ ಧೂಳು ಕೂತು, ಅರ್ಧ ಹಳದಿಯಾಗಿ ನಿಂತಿತ್ತು. ನಾನು ಕಟ್ಟಿದ ಕೊಂಬೆ ಒಣಗಿ ಕಡ್ಡಿಯಾಗಿತ್ತು.

ಆಗ ತೀರ್ಮಾನ ಮಾಡಿದೆ. ಇದನ್ನು ಇಟ್ಟುಕೊಳ್ಳುವ ಮುಖ ನನಗಿಲ್ಲ. ಕೆರೆ ಕಟ್ಟೆಯ ಮೇಲೆ ನೆಟ್ಟುಬಿಡುವುದು. ಬೇಕಾದಷ್ಟು ಬೆಳೆದುಕೊಳ್ಳಲಿ, ನಾನು ಬಾಗಿಸಿದ್ದೆಲ್ಲ ಒಂದೆರಡು ಮಳೆಗೆ ಕಾಣದ ಹಾಗಾಗಲಿ. ಅವತ್ತೇ ಹೋಗಿ ಗುಂಡಿ ತೋಡಿದೆ. ಮೊಣಕಾಲುದ್ದ, ಅಗಲವಾಗಿ. ಬೆವರು ಒರೆಸಿಕೊಳ್ಳುವಾಗ ಒಂದಿಷ್ಟು ಹಗುರವೂ ಆಯಿತು. ಮನೆಗೆ ಬಂದು ಸರೋಜನಿಗೆ ಹೇಳಿದೆ.

"ಭಾರತಿಗೆ ಹೇಳಿದ್ರಾ?" ಎಂದಳು.

"ನೆಟ್ಟ ಮೇಲೆ ಹೇಳ್ತೀನಿ."

"ಮೊದ್ಲು ಹೇಳಿ. ಇಷ್ಟ್ ದಿನ ಓಣೀಲಿ ಓಡಾಡಿದ್ದು ಸಾಕು."

ಅವಳಿಗೆ ಓಣಿಯ ವಿಷಯ ಹೇಗೆ ಗೊತ್ತಾಯಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಭಾರತಿಗೆ ಆಮೇಲೆ, ಮರುವರ್ಷ, ಬೇರೆ ಕಡೆ ಮದುವೆಯಾಯಿತು. ಜಾತಕ ಕೇಳದ ಮನೆ. ಚೆನ್ನಾಗಿದ್ದಾಳೆ, ನಮ್ಮ ಮನೆಗೂ ಬರುತ್ತಾಳೆ. ಆಗ ಅದೆಲ್ಲ ನನಗೇನು ಗೊತ್ತು? ಮರುದಿನ ಸಂಜೆ ರೈಲಿಳಿದು ಅಷ್ಟು ದಿನದ ಮೇಲೆ ನೇರ ದಾರಿ ಹಿಡಿದು ಹೋದೆ. ಲ್ಯಾಬಿನಲ್ಲಿ ಅವಳೊಬ್ಬಳೇ ಇದ್ದಳು, ಸಣ್ಣ ಸಣ್ಣ ಶೀಷೆಗಳಿಗೆ ಚೀಟಿ ಅಂಟಿಸುತ್ತ.

"ಏನ್ ಮಾಮ, ಶುಗರ್ ನೋಡ್ಬೇಕಾ?" ಎಂದಳು. ದಿನಾ ಬರುವವನನ್ನು ಕೇಳಿದ ಹಾಗೆ.

ನಾನು ನಿಂತುಕೊಂಡೇ ಒಂದೇ ಉಸಿರಿಗೆ ಹೇಳಿದೆ. ಗುಂಡಿ ತೋಡಿದ್ದೇನೆ, ನಾಳೆ ಮರವನ್ನು ಕೆರೆ ಕಟ್ಟೆಗೆ ನೆಡುತ್ತೇನೆ, ಇನ್ನು ಆ ತಟ್ಟೆ, ತಂತಿ, ಕತ್ತರಿ ಯಾವುದನ್ನೂ ಮುಟ್ಟುವುದಿಲ್ಲ ಎಂದು.

"ಯಾಕೆ?"

"ನಿನಗೋಸ್ಕರ ಕಣಮ್ಮ."

ಅವಳು ಚೀಟಿ ಅಂಟಿಸುವುದನ್ನು ನಿಲ್ಲಿಸಿದಳು. "ನನಗೋಸ್ಕರ ಬೇಡ ಮಾಮ. ನಾಳೆ ಊರೋರೆಲ್ಲ ಕೇಳ್ತಾರೆ, ಎಲ್ಲೋ ನಿನ್ ಮರ ಅಂತ. ಬಾರತಿಗೋಸ್ಕರ ಬಿಟ್ಬುಟ್ಟೆ ಅಂತ ನೀನು ಕಣ್ ಒರೆಸ್ಕೊಂಡು ಹೇಳ್ತೀಯ. ಅದೂ ನನ್ ತಲೆ ಮೇಲೇ ಬತ್ತದೆ. ನೀನೇ ಇಟ್ಕೋ. ನೀರು ಹಾಕು."

"ತಪ್ಪಾಯ್ತಮ್ಮ. ಅವತ್ತು ಬಾಯಿ ಮೀರಿ ಬಂದ್ಬಿಡ್ತು."

"ನೀನು ಬೈದಿದ್ದಕ್ಕೆ ನಂಗೇನ್ ಬೇಜಾರಿಲ್ಲ. ಚಿಕ್ಕೋಳಿದ್ದಾಗಿಂದ ಬೈಸ್ಕೊಂಡಿದ್ದೀನಿ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದಿದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. "ಒಂದ್ ಮಾತು ಕೇಳ್ತೀನಿ, ಹೇಳ್ತೀಯಾ? ಅವತ್ತು ನಿನ್ ಗಿಡದ ಆ ಕೊಂಬೇಲಿ ಎಷ್ಟು ಚಿಗುರಿತ್ತು?"

"ಏಳು," ಎಂದೆ ತಟ್ಟನೆ. "ತುದಿಯದು ಇನ್ನೂ ಬಿಚ್ಚಿರಲಿಲ್ಲ."

"ಅವತ್ತು ನಾನು ಯಾವ್ ಬಣ್ಣದ್ ಸೀರೆ ಉಟ್ಟಿದ್ದೆ?"

ನಾನು ಬಾಯಿ ತೆರೆದೆ. ಡ್ರಮ್ಮು ಕಣ್ಣಿಗೆ ಬಂತು, ಅಲುಗುವ ಹಲಗೆ ಬಂತು, ಚೆಂಡು ಹೂವು, ಹಾಲು, ಪಾಚಿ, ದೊಡ್ಡಪ್ಪನ ಕೋಲಿನ ಹಿತ್ತಾಳೆ ಹಿಡಿ ಕೂಡ ಬಂತು. ಮೇಲೆದ್ದ ಎರಡು ಕೈ ಬಂದವು. ಕೈಯಿಂದಾಚೆಗೆ ಏನೂ ಇಲ್ಲ. ಸೆರಗು ತ‌ಟ್ಟೆಗೆ ತಾಗುತ್ತದೇನೋ ಎಂದು ಪ್ರತಿ ಸುತ್ತಿಗೂ ಅದನ್ನೇ ಕಾಯುತ್ತಿದ್ದವನು ನಾನು, ಅದರ ಬಣ್ಣ ಗೊತ್ತಿಲ್ಲ. ಹಸಿರು ಎನ್ನಲೇ, ಕೆಂಪು ಎನ್ನಲೇ ಎಂದು ಅವಳ ಮುಖ ನೋಡಿದೆ. ಅವಳು ಕಾಯುತ್ತಲೇ ಇದ್ದಳು.

ಆಮೇಲೆ ಶೀಷೆಗಳನ್ನು ಪೆಟ್ಟಿಗೆಗೆ ಜೋಡಿಸಿ ಮುಚ್ಚಳ ಹಾಕಿದಳು. "ಕತ್ಲಾಯ್ತು, ಓಗು ಮಾಮ. ಹಾಲು ಕರೆಯೋ ಹೊತ್ತಾಗೈತೆ," ಎಂದಳು.

ಮರುದಿನ ಹೋಗಿ ಗುಂಡಿ ಮುಚ್ಚಿದೆ. ಒಣಗಿದ ಕೊಂಬೆಯನ್ನು ಬುಡಕ್ಕೆ ಕತ್ತರಿಸಿದೆ. ಅಲ್ಲಿಂದ ಇಲ್ಲಿಯವರೆಗೆ ಒಂದು ದಿನವೂ ನೀರು ತಪ್ಪಿಸಿಲ್ಲ. ಇಷ್ಟು ವರ್ಷ ಬೇಜಾರಾಗದೆ ಹೇಗೆ ಹಿಡಿದುಕೊಂಡಿದ್ದೀರಿ ಎಂದು ಈಗಲೂ ಕೇಳುತ್ತಾರೆ. ಬಾಯಿಗೆ ಬಂದದ್ದು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಅವಳು ನೀರು ಹಾಕು ಎಂದಿದ್ದಾಳೆ, ಹಾಕುತ್ತಿದ್ದೇನೆ, ಅಷ್ಟೇ.

ಆ ಸೀರೆಯ ಬಣ್ಣ ಇವತ್ತಿಗೂ ನನಗೆ ಗೊತ್ತಿಲ್ಲ. ಸರೋಜನನ್ನು ಕೇಳಿದರೆ ಬಣ್ಣ, ಅಂಚು, ರವಿಕೆ ಎಲ್ಲ ಹೇಳುತ್ತಾಳೆ. ಕೇಳಲು ನಾಚಿಕೆ.